ಡೇಟಾಬೇಸಿನಲ್ಲಿ ಕನ್ನಡ ಕೆಟ್ಟಿದೆಯೇ? ಕಮಾಂಡ್ ಓಡಿಸುವ ಮುಂಚೆ ಬೈಟ್ ನೋಡಿ

ಕನ್ನಡದ ವೆಬ್‌ಸೈಟ್ ಹಳೇ ಸರ್ವರ್‌ನಿಂದ ಹೊಸದಕ್ಕೆ ಹೋದ ಮಾರನೇ ದಿನ ಬರುವ ಫೋನ್ ಕರೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. "ಸರ್, ಅಕ್ಷರ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿಬಿಟ್ಟಿದೆ." ಅದಕ್ಕಿಂತ ಹೆದರಿಸುವುದು ಅದರ ಹಿಂದೆಯೇ ಬರುವ ಮಾತು: "ನೆಟ್‌ನಲ್ಲಿ ಸಿಕ್ಕಿದ ಒಂದು ಕಮಾಂಡ್ ಓಡಿಸಿದೆ, ಇನ್ನೂ ಜಾಸ್ತಿ ಕೆಟ್ಟುಹೋಯಿತು." ಎಷ್ಟೋ ಸಲ ಮೊದಲು ತೊಂದರೆ ಕಾಣಿಸಿಕೊಂಡಾಗ ಡೇಟಾ ಗಟ್ಟಿಯಾಗಿಯೇ ಇರುತ್ತದೆ. ಅದು ಹೋಗುವುದು ಅವಸರದ ರಿಪೇರಿಯಲ್ಲಿ. ಸಂಘದ ಸದಸ್ಯರ ಪಟ್ಟಿ, ಶಾಲೆಯ ದಾಖಲೆ, ಹತ್ತಾರು ವರ್ಷ ಕೂತು ಬರೆದ ಲೇಖನಗಳು ಹೀಗೆ ಹಾಳಾಗುವುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಇಲ್ಲಿ ಹೇಳಿರುವುದು ಪಿಎಚ್‌ಪಿ (ವೆಬ್‌ಸೈಟಿನ ಕೋಡ್ ಬರೆಯುವ ಭಾಷೆ) ಮತ್ತು ಮೈಎಸ್‌ಕ್ಯುಎಲ್ (ಡೇಟಾ ಇಡುವ ತಂತ್ರಾಂಶ) ಜೋಡಿಗೆ. ಅದರದೇ ಕವಲಾದ ಮರಿಯಾಡಿಬಿಗೂ ಬಹುಪಾಲು ಇದೇ ದಾರಿ.

ಹೆಜ್ಜೆ 1: ಬ್ಯಾಕಪ್

ಡೇಟಾಬೇಸನ್ನು ಫೈಲಿಗೆ ಇಳಿಸುವ ಮೈಎಸ್‌ಕ್ಯುಎಲ್‌ಡಂಪ್ ಕಮಾಂಡ್ ಬಳಸಿ. ಅದಕ್ಕೆ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ (ಯಾವ ಅಕ್ಷರವನ್ನು ಯಾವ ಬೈಟ್‌ಗಳಾಗಿ, ಅಂದರೆ ಕಂಪ್ಯೂಟರಿನ ಅಂಕಿಗಳಾಗಿ, ಇಡಬೇಕು ಎಂಬ ಪಟ್ಟಿ) ಯುಟಿಎಫ್8ಎಂಬಿ4 (ಎಮೋಜಿಯೂ ಹಿಡಿಸುವ ಯುಟಿಎಫ್8) ಎಂದು ನೀವೇ ಹೇಳಿ. ಮೈಎಸ್‌ಕ್ಯುಎಲ್ 5.7ರ ಡಂಪ್ ತನ್ನಷ್ಟಕ್ಕೆ ಬಿಟ್ಟರೆ ಹಳೇ ಯುಟಿಎಫ್8ರಲ್ಲಿ ಬರೆಯುತ್ತದೆ, ಎಮೋಜಿಗಳೆಲ್ಲ ಹೋಗುತ್ತವೆ. ವಿಂಡೋಸ್ ಪವರ್‌ಶೆಲ್‌ನಲ್ಲಿ ಬಾಣದ ಗುರುತು ಹಾಕಿ ಫೈಲಿಗೆ ಇಳಿಸಬೇಡಿ. ಅದು ಫೈಲನ್ನು ಯುಟಿಎಫ್16 ಮಾಡಿಬಿಡುತ್ತದೆ. ರಿಸಲ್ಟ್ ಫೈಲ್ ಎಂಬ ಆಯ್ಕೆ ಇದೆ, ಅದನ್ನೇ ಬಳಸಿ. ದೊಡ್ಡ ಡೇಟಾಬೇಸನ್ನು, ಬ್ರೌಸರಿನಲ್ಲಿ ಡೇಟಾಬೇಸ್ ನೋಡಲು ಬಳಸುವ ಪಿಎಚ್‌ಪಿಮೈಅಡ್ಮಿನ್‌ನ ಎಕ್ಸ್‌ಪೋರ್ಟ್ ಬಟನ್‌ನಿಂದ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಟೈಮ್‌ಔಟ್ ಆಗಿ ಅರ್ಧ ಫೈಲ್ ಬಂದರೂ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ಬ್ಯಾಕಪ್ಪನ್ನು ಬೇರೊಂದು ಟೆಸ್ಟ್ ಡೇಟಾಬೇಸಿಗೆ ಹಾಕಿ ನೋಡಿ. ಮುಂದಿನ ಕೆಲಸ ಎಲ್ಲಾ ಮೊದಲು ಅಲ್ಲೇ ನಡೆಯಲಿ.

ಹೆಜ್ಜೆ 2: ಎಲ್ಲಿ ಎಡವಟ್ಟಾಗುತ್ತದೆ ಎಂದು ತಿಳಿಯಿರಿ

ಯುಟಿಎಫ್8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಸ್ವರಚಿಹ್ನೆಗೆ, ಒತ್ತಕ್ಷರ ಕಟ್ಟುವ ಹಲಂತಕ್ಕೂ ತಲಾ 3 ಬೈಟ್. "ಕನ್ನಡ" ಎಂಬ ಪದದಲ್ಲಿ ಕ, ನ, ಹಲಂತ, ನ, ಡ ಸೇರಿ 5 ಘಟಕಗಳಿವೆ. ಒಟ್ಟು 15 ಬೈಟ್.

ಮೈಎಸ್‌ಕ್ಯುಎಲ್ 5.7ರ ತನಕ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1, ಅಂದರೆ ಪಶ್ಚಿಮ ಯುರೋಪಿನ ಭಾಷೆಗಳಿಗೆ ಸಾಕಾಗುವ, ಅಕ್ಷರಕ್ಕೆ ಒಂದೇ ಬೈಟಿನ ಪಟ್ಟಿ. ಕಂಪನಿ ಹುಟ್ಟಿದ್ದು ಸ್ವೀಡನ್‌ನಲ್ಲಿ. ಕನ್ನಡದ ಟೇಬಲ್‌ಗಳಲ್ಲೂ "ಲ್ಯಾಟಿನ್1 ಸ್ವೀಡಿಷ್" ಎಂಬ ಕೊಲೇಶನ್ (ಅಕ್ಷರಗಳ ಅನುಕ್ರಮದ ನಿಯಮ) ಕಾಣುವುದು ಅದಕ್ಕೇ. 2018ರಲ್ಲಿ ಬಂದ 8.0 ಆವೃತ್ತಿಯಿಂದ ಡೀಫಾಲ್ಟ್ ಯುಟಿಎಫ್8ಎಂಬಿ4 ಆಯಿತು. ಹಳೆಯದರಿಂದ ಹೊಸದಕ್ಕೆ ಹೋಗುವಾಗ ಅಕ್ಷರ ಕೆಡುವುದು ಹೆಚ್ಚಾಗಿ ಇಲ್ಲೇ.

ಬೈಟ್ ಹಾದುಹೋಗುವ ಜಾಗಗಳು ನಾಲ್ಕು: ಬ್ರೌಸರ್, ಪಿಎಚ್‌ಪಿ, ಪಿಎಚ್‌ಪಿಯಿಂದ ಡೇಟಾಬೇಸಿಗೆ ಇರುವ ಕನೆಕ್ಷನ್, ಆಮೇಲೆ ಕಾಲಂ. ಒಂದೇ ಒಂದು ಜಾಗ ಬೇರೆ ಭಾಷೆ ಆಡಿದರೂ ಪರದೆಯ ಮೇಲೆ ಗಲೀಜು. ಎಲ್ಲಿ ಕೆಟ್ಟಿದೆ ಎಂಬುದು ಪರದೆ ನೋಡಿದರೆ ಗೊತ್ತಾಗುವುದಿಲ್ಲ.

ಹೆಜ್ಜೆ 3: ಬೈಟ್ ನೋಡಿ

ಜನ ಬಿಟ್ಟುಬಿಡುವ ಹೆಜ್ಜೆ ಇದೇ. ಇದಕ್ಕೆ ಹತ್ತು ನಿಮಿಷ ಸಾಕು.

ಮೊದಲು ಶೋ ಕ್ರಿಯೇಟ್ ಟೇಬಲ್ ಕೊಟ್ಟು ಕಾಲಂನ ಕ್ಯಾರೆಕ್ಟರ್ ಸೆಟ್ ಯಾವುದೆಂದು ಬರೆದುಕೊಳ್ಳಿ. ಡೇಟಾಬೇಸಿನದ್ದಲ್ಲ, ಕಾಲಂನದ್ದು. ಡೇಟಾಬೇಸಿನ ಡೀಫಾಲ್ಟ್ ಬದಲಿಸಿದರೆ ಹಳೇ ಟೇಬಲ್‌ಗಳಲ್ಲಿ ಏನೂ ಬದಲಾಗುವುದಿಲ್ಲ. "ಬದಲಾಯಿಸಿದ್ದೀನಿ ಸರ್, ಆದರೂ ಬರ್ತಿಲ್ಲ" ಅನ್ನುವವರಲ್ಲಿ ಅರ್ಧ ಜನ ಇಲ್ಲೇ ನಿಂತಿರುತ್ತಾರೆ.

ಆಮೇಲೆ "ಕ" ಅಕ್ಷರದಿಂದ ಶುರುವಾಗುವ, ಮೂಲದಲ್ಲಿ ಏನಿತ್ತು ಎಂದು ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಸಾಲು ಆರಿಸಿ. ಅದನ್ನು ಸೆಲೆಕ್ಟ್ ಮಾಡುವಾಗ ಕಾಲಂಗೆ ಹೆಕ್ಸ್ ಫಂಕ್ಷನ್ (ಪ್ರತಿ ಬೈಟನ್ನು 0ಯಿಂದ 9, ಎಯಿಂದ ಎಫ್ ವರೆಗಿನ ಎರಡು ಗುರುತುಗಳಲ್ಲಿ ತೋರಿಸುವುದು) ಹಾಕಿ. ಬರುವ ಉತ್ತರದ ಮೊದಲ ಕೆಲವು ಅಂಕಿಗಳೇ ಎಲ್ಲಾ ಹೇಳುತ್ತವೆ.

ಕಾಲಂ ಯುಟಿಎಫ್8ಎಂಬಿ4 ಆಗಿದ್ದು ಉತ್ತರ "ಇ0 ಬಿ2 95" ಎಂದು ಶುರುವಾದರೆ ಡೇಟಾ ಸರಿಯಾಗಿದೆ. ಇದು "ಕ"ದ ನಿಜವಾದ ಮೂರು ಬೈಟ್. ಆದರೂ ಪುಟದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತಿದೆ ಅಂದರೆ ತಪ್ಪು ಕನೆಕ್ಷನ್‌ನಲ್ಲಿದೆ. ಡೇಟಾ ಮುಟ್ಟಬೇಡಿ, ನೇರ 5ನೇ ಹೆಜ್ಜೆಗೆ ಹೋಗಿ.

ಅದೇ "ಇ0 ಬಿ2 95" ಇದೆ, ಆದರೆ ಕಾಲಂ ಲ್ಯಾಟಿನ್1 ಅಂತಿದೆಯಾ? ಇದನ್ನು ಚೀಟಿ ತಪ್ಪಿದ ಡಬ್ಬಿ ಎನ್ನಬಹುದು. ಒಳಗಿರುವುದು ಸರಿ, ಮೇಲೆ ಅಂಟಿಸಿದ ಹೆಸರು ತಪ್ಪು. ಹಳೇ ಸರ್ವರ್‌ನಲ್ಲಿ ಕನೆಕ್ಷನ್ನೂ ಲ್ಯಾಟಿನ್1 ಆಗಿದ್ದರಿಂದ ಪುಟ ಚೆನ್ನಾಗಿಯೇ ಕಾಣುತ್ತಿತ್ತು. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಮಾತ್ರ ವಿಚಿತ್ರ ಅಕ್ಷರಗಳು.

"ಸಿ3 ಎ0 ಸಿ2 ಬಿ2" ಎಂದು ಶುರುವಾದರೆ ಎರಡು ಸಲ ಎನ್‌ಕೋಡ್ ಆಗಿದೆ, ಅಂದರೆ ಯುಟಿಎಫ್8 ಬೈಟ್‌ಗಳನ್ನೇ ಅಕ್ಷರಗಳೆಂದು ತಿಳಿದು ಮತ್ತೊಮ್ಮೆ ಯುಟಿಎಫ್8 ಮಾಡಲಾಗಿದೆ. ಪರದೆಯಲ್ಲೂ ಇದರ ಗುರುತು ಹಿಡಿಯಬಹುದು. ತಲೆಯ ಮೇಲೆ ಓರೆ ಗೆರೆ ಇರುವ ಇಂಗ್ಲಿಷಿನ ಸಣ್ಣ ಎ, ಅದರ ಪಕ್ಕ ಗಣಿತದ ವರ್ಗದಲ್ಲಿ ಬರೆಯುವಂಥ ಪುಟ್ಟ 2 ಅಥವಾ ಘನದ ಪುಟ್ಟ 3, ಇವೇ ಮತ್ತೆಮತ್ತೆ ಬರುತ್ತವೆ. ಕನ್ನಡದ ಬೈಟ್‌ಗಳೆಲ್ಲ ಇ0 ಬಿ2 ಅಥವಾ ಇ0 ಬಿ3 ಎಂದೇ ಶುರುವಾಗುವುದರಿಂದ ಹೀಗಾಗುತ್ತದೆ.

ಉತ್ತರದಲ್ಲಿ ಬರೀ "3ಎಫ್ 3ಎಫ್ 3ಎಫ್" ಇದ್ದರೆ ಪ್ರಶ್ನಾರ್ಥಕ ಚಿಹ್ನೆಯೇ ಡೇಟಾಬೇಸಿಗೆ ಇಳಿದಿದೆ ಎಂದರ್ಥ. ಮೂಲ ಅಕ್ಷರ ಅಲ್ಲಿಲ್ಲ. ಯಾವ ಕಮಾಂಡೂ ಅದನ್ನು ವಾಪಸ್ ತರುವುದಿಲ್ಲ, ಹಳೇ ಬ್ಯಾಕಪ್ ಒಂದೇ ದಾರಿ. ದುಡ್ಡು ತಗೊಂಡು ಸರಿಮಾಡಿಕೊಡ್ತೀವಿ ಅನ್ನುವವರನ್ನು ನಂಬಬೇಡಿ.

ಇನ್ನೊಂದು ಥರ ಇದೆ, ಅದು ಡೇಟಾಬೇಸಿನ ತಪ್ಪೇ ಅಲ್ಲ. ಪರದೆಯಲ್ಲಿ ಇಂಗ್ಲಿಷಿನ ದೊಡ್ಡ ಪಿ, ಪೌಂಡ್ ಹಣದ ಚಿಹ್ನೆ, ಸಣ್ಣ ಕ್ಯು, ನಡುನಡುವೆ ಗೆರೆ ಹೊತ್ತ ದೊಡ್ಡ ಎ ಕಾಣುತ್ತಿದ್ದರೆ ಅದು ನುಡಿ ತಂತ್ರಾಂಶದ ಹಳೇ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದಕ್ಕೆ ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಬೇಕು.

ಹೆಜ್ಜೆ 4: ರೋಗಕ್ಕೆ ತಕ್ಕ ಮದ್ದು

ನೆಟ್‌ನಲ್ಲಿ ಎಲ್ಲರಿಗೂ ಮೊದಲು ಸಿಗುವ ಕಮಾಂಡ್ "ಆಲ್ಟರ್ ಟೇಬಲ್, ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4". ಲ್ಯಾಟಿನ್1 ಕಾಲಂನಲ್ಲಿ ನಿಜವಾಗಿಯೂ ಲ್ಯಾಟಿನ್ ಅಕ್ಷರಗಳಿದ್ದರೆ ಅದು ಒಳ್ಳೆಯ ಕಮಾಂಡೇ. ಚೀಟಿ ತಪ್ಪಿದ ಕಾಲಂ ಮೇಲೆ ಓಡಿಸಿದರೆ ಮಾತ್ರ ಅನಾಹುತ. ಮೈಎಸ್‌ಕ್ಯುಎಲ್ ಚೀಟಿಯನ್ನು ನಂಬುತ್ತದೆ. "ಇ0" ಎಂಬ ಬೈಟನ್ನು ಗೆರೆ ಹೊತ್ತ ಎ ಎಂದೇ ಓದಿ, ಅದನ್ನು ಯುಟಿಎಫ್8ಕ್ಕೆ ಬದಲಿಸುತ್ತದೆ. ಒಂದು ಸಲ ಎನ್‌ಕೋಡ್ ಆಗಿದ್ದು ಎರಡು ಸಲ ಆಗುತ್ತದೆ. ಇನ್ನೂ ಜಾಸ್ತಿ ಕೆಟ್ಟಿತು ಎಂಬ ಫೋನ್ ಕರೆಗಳ ಹಿಂದೆ ಇರುವುದು ಸಾಮಾನ್ಯವಾಗಿ ಇದೇ ಕಮಾಂಡ್.

ಚೀಟಿ ತಪ್ಪಿದ ಕಾಲಂಗೆ ಸರಿಯಾದ ದಾರಿ ಬೈನರಿ ಮೂಲಕ ಹೋಗುವುದು. ವಾರ್‌ಚಾರ್ 100 ಇದ್ದರೆ ಮಾಡಿಫೈ ಕೊಟ್ಟು ಮೊದಲು ವಾರ್‌ಬೈನರಿ 100 ಮಾಡಿ. ಟೆಕ್ಸ್ಟ್ ಇದ್ದರೆ ಬ್ಲಾಬ್, ಮೀಡಿಯಂ ಟೆಕ್ಸ್ಟ್ ಇದ್ದರೆ ಮೀಡಿಯಂ ಬ್ಲಾಬ್. ಬೈನರಿಗೆ ಕ್ಯಾರೆಕ್ಟರ್ ಸೆಟ್ ಎಂಬುದೇ ಇಲ್ಲ, ಆದ್ದರಿಂದ ಬೈಟ್ ಅಲ್ಲಾಡದೆ ಚೀಟಿ ಮಾತ್ರ ಕಳಚುತ್ತದೆ. ಆಮೇಲೆ ಇನ್ನೊಂದು ಮಾಡಿಫೈ ಕೊಟ್ಟು ವಾರ್‌ಚಾರ್ 100, ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಎಂದು ಹೊಸ ಚೀಟಿ ಅಂಟಿಸಿ. ನಾಟ್ ನಲ್, ಡೀಫಾಲ್ಟ್, ಕಾಮೆಂಟ್ ಇದ್ದರೆ ಎರಡನೇ ಮಾಡಿಫೈನಲ್ಲಿ ಮತ್ತೆ ಬರೆಯಬೇಕು, ಇಲ್ಲದಿದ್ದರೆ ಅವು ಬಿದ್ದುಹೋಗುತ್ತವೆ. ಫುಲ್‌ಟೆಕ್ಸ್ಟ್ ಇಂಡೆಕ್ಸ್ ಇದ್ದರೆ ಮೊದಲು ತೆಗೆದು ಆಮೇಲೆ ಹಾಕಿಕೊಳ್ಳಿ.

ಎರಡನೇ ಮಾಡಿಫೈ "ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ" ಎಂದು ನಿಂತುಬಿಡಬಹುದು. ಗಾಬರಿ ಬೇಡ. ಲ್ಯಾಟಿನ್1ರಲ್ಲಿ ವಾರ್‌ಚಾರ್ 50 ಅಂದರೆ 50 ಬೈಟ್. ಕನ್ನಡದ ಲೆಕ್ಕದಲ್ಲಿ 16 ಘಟಕ, ಮೇಲೆ 2 ಬೈಟ್. ಉದ್ದದ ಶೀರ್ಷಿಕೆಯ ಹದಿನೇಳನೆಯದು ಮೂರನೇ ಬೈಟ್ ಇಲ್ಲದೆ ತುಂಡಾಗಿ ಕೂತಿರುತ್ತದೆ. ತಪ್ಪು ತೋರಿಸಿದ ಸಾಲಿನ ಕೊನೆಯ ಆ ತುಂಡು ಬೈಟ್‌ಗಳನ್ನು ಕತ್ತರಿಸಿ ಮತ್ತೆ ಓಡಿಸಿ. ಈ ತಪ್ಪು ಬರಬಾರದೆಂದು ಸ್ಟ್ರಿಕ್ಟ್ ಮೋಡ್ (ತಪ್ಪು ಡೇಟಾ ಬಂದರೆ ತಡೆಯುವ ವ್ಯವಸ್ಥೆ) ಆಫ್ ಮಾಡುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ನಡುವೆ ಎಲ್ಲಾದರೂ ಕೆಟ್ಟ ಬೈಟ್ ಇದ್ದರೆ ಯಾವ ಸಾಲಿನಲ್ಲಿ ಎಷ್ಟು ಹೋಯಿತು ಎಂಬುದು ಗೊತ್ತೇ ಆಗುವುದಿಲ್ಲ.

ಈಗ ಎರಡು ಸಲ ಎನ್‌ಕೋಡ್ ಆದದ್ದು. ಇದರ ಸೂತ್ರವನ್ನು ಒಳಗಿನಿಂದ ಹೊರಕ್ಕೆ ಓದಿ: ಕಾಲಂ ಅನ್ನು ಕನ್ವರ್ಟ್ ಯೂಸಿಂಗ್ ಲ್ಯಾಟಿನ್1 ಮಾಡಿ, ಬಂದದ್ದನ್ನು ಕಾಸ್ಟ್ ಆ್ಯಸ್ ಬೈನರಿ ಮಾಡಿ, ಅದನ್ನು ಮತ್ತೆ ಕನ್ವರ್ಟ್ ಯೂಸಿಂಗ್ ಯುಟಿಎಫ್8ಎಂಬಿ4 ಮಾಡಿ. ಮೊದಲು ಬರೀ ಸೆಲೆಕ್ಟ್‌ನಲ್ಲಿ ಹಾಕಿ, ಹಳೆಯದು ಹೊಸದು ಅಕ್ಕಪಕ್ಕ ಇಟ್ಟು ನೋಡಿ. ಹೊಸದರಲ್ಲಿ ನಲ್ ಅಥವಾ ಪ್ರಶ್ನಾರ್ಥಕ ಚಿಹ್ನೆ ಕಂಡರೆ ನಿಲ್ಲಿಸಿ.

ಸರಿ ಕಂಡರೂ ಇಡೀ ಟೇಬಲ್‌ಗೆ ಅಪ್‌ಡೇಟ್ ಕೊಡಬೇಡಿ. ಸೈಟ್ ಓಡುತ್ತಲೇ ಇದ್ದರೆ ಹೊಸ ಸಾಲುಗಳು ಸರಿಯಾಗಿಯೇ ಸೇರಿರುತ್ತವೆ. ಅವನ್ನು ಲ್ಯಾಟಿನ್1ಕ್ಕೆ ತಿರುಗಿಸಿದರೆ ಅಲ್ಲಿ ಕನ್ನಡಕ್ಕೆ ಜಾಗವಿಲ್ಲ, ಎಲ್ಲಾ 3ಎಫ್ ಆಗುತ್ತದೆ. ಹೆಕ್ಸ್‌ನಲ್ಲಿ "ಸಿ3ಎ0ಸಿ2ಬಿ2" ಅಥವಾ "ಸಿ3ಎ0ಸಿ2ಬಿ3" ಇದ್ದು, "ಇ0ಬಿ2", "ಇ0ಬಿ3" ಇಲ್ಲದ ಸಾಲುಗಳನ್ನು ಮಾತ್ರ ವೇರ್ ಷರತ್ತಿನಲ್ಲಿ ಹಿಡಿಯಿರಿ. ಎರಡೂ ಇರುವ ಬೆರಕೆ ಸಾಲುಗಳನ್ನು ಕೈಯಲ್ಲೇ ಸರಿಮಾಡಬೇಕು. ಇನ್ನೊಡಿಬಿ (ಬದಲಾವಣೆಯನ್ನು ಹಿಂತೆಗೆಯಲು ಬಿಡುವ ಬಗೆಯ) ಟೇಬಲ್ ಆದರೆ ಟ್ರಾನ್ಸಾಕ್ಷನ್ ಶುರುಮಾಡಿ ಅಪ್‌ಡೇಟ್ ಕೊಡಿ, ನೋಡಿ, ಆಮೇಲೆ ಕಮಿಟ್ ಮಾಡಿ. ಆಲ್ಟರ್‌ಗೆ ಈ ಅನುಕೂಲ ಇಲ್ಲ, ಅದು ಮಾಡಿದ್ದು ರೋಲ್‌ಬ್ಯಾಕ್ ಆಗುವುದಿಲ್ಲ.

ಇದೇ ಸೂತ್ರ ಕೆಲವರಿಗೆ ಕೆಲಸ ಮಾಡುವುದಿಲ್ಲ. ಕಾರಣ "ಕ"ದ ಹೆಕ್ಸ್‌ನಲ್ಲೇ ಇದೆ. ಮೈಎಸ್‌ಕ್ಯುಎಲ್ ಕೈಯಲ್ಲಿ ಎರಡು ಸಲ ಎನ್‌ಕೋಡ್ ಆಗಿದ್ದರೆ ಕೊನೆಯಲ್ಲಿ "ಇ2 80 ಎ2" ಇರುತ್ತದೆ. ಪಿಎಚ್‌ಪಿಯ ಯುಟಿಎಫ್8 ಎನ್‌ಕೋಡ್ ಫಂಕ್ಷನ್ ಕೆಡಿಸಿದ್ದರೆ ಅಲ್ಲಿ "ಸಿ2 95" ಇರುತ್ತದೆ. ಮೈಎಸ್‌ಕ್ಯುಎಲ್ ಲ್ಯಾಟಿನ್1 ಎಂದು ಕರೆಯುವುದು ನಿಜಕ್ಕೂ ವಿಂಡೋಸ್ 1252, ಪಿಎಚ್‌ಪಿ ಬಳಸಿದ್ದು ಐಎಸ್ಒ 8859-1, ಇವು ಎರಡು ಬೇರೆ ಪಟ್ಟಿಗಳು. ಹಾಗಾಗಿ "ಸಿ2 95" ಇರುವ ಸಾಲುಗಳನ್ನು ಪಿಎಚ್‌ಪಿಯಲ್ಲೇ ಓದಿ, ಎಂಬಿ ಕನ್ವರ್ಟ್ ಎನ್‌ಕೋಡಿಂಗ್‌ನಿಂದ ಯುಟಿಎಫ್8ರಿಂದ ಐಎಸ್ಒ 8859-1ಕ್ಕೆ ಒಂದು ಸಲ ತಿರುಗಿಸಿ, ಬಂದ ಬೈಟ್‌ಗಳನ್ನು ಹಾಗೆಯೇ ಯುಟಿಎಫ್8 ಎಂದು ವಾಪಸ್ ಬರೆಯಬೇಕು. ಆ ಯುಟಿಎಫ್8 ಎನ್‌ಕೋಡ್ ಫಂಕ್ಷನ್ ಪಿಎಚ್‌ಪಿ 8.2ರಿಂದ ಬಳಕೆಗೆ ಬೇಡವಾಗಿದೆ. ನಿಮ್ಮ ಕೋಡಿನಲ್ಲಿ ಕಂಡಕಂಡಲ್ಲಿ ಸುಮ್ನೆ ಹಾಕಿದ್ದರೆ ಇವತ್ತೇ ಕಿತ್ತುಹಾಕಿ.

ಕೆಟ್ಟ ಪಠ್ಯವನ್ನು ಕಾಪಿ ಮಾಡಿ ಆನ್‌ಲೈನ್ ಕನ್ವರ್ಟರಿಗೆ ಹಾಕುವ ಅಡ್ಡದಾರಿ ಬೇಡ. ವಿಂಡೋಸ್ 1252ರಲ್ಲಿ 81, 8ಡಿ, 8ಎಫ್, 90, 9ಡಿ ಎಂಬ ಐದು ಜಾಗಗಳು ಖಾಲಿ. ಕನ್ನಡದಲ್ಲಿ ಉಕಾರದ ಚಿಹ್ನೆ, ಹಲಂತ, ಏ, ಐ, ಝ ಇವುಗಳ ಕೊನೆಯ ಬೈಟ್ ಬೀಳುವುದು ಸರಿಯಾಗಿ ಅಲ್ಲಿಗೇ. ಕೆಲವು ಸಾಧನಗಳು ಆ ಬೈಟನ್ನು ಬಿಸಾಕುತ್ತವೆ. ಉಳಿದೆಲ್ಲ ಬರುತ್ತದೆ, ಒತ್ತಕ್ಷರ ಮತ್ತು ಉಕಾರ ಇರುವಲ್ಲೆಲ್ಲ ಒಡೆಯುತ್ತದೆ. ಉಕಾರ, ಒತ್ತು ಇಲ್ಲದೆ ಕನ್ನಡದ ಒಂದು ವಾಕ್ಯ ಬರೆಯುವುದೇ ಕಷ್ಟ, ಅಲ್ವಾ?

ಹೆಜ್ಜೆ 5: ಕನೆಕ್ಷನ್

ಪಿಎಚ್‌ಪಿ ಡೇಟಾಬೇಸಿಗೆ ಸೇರಲು ಬಳಸುವುದು ಪಿಡಿಒ ಆದರೆ ಡಿಎಸ್ಎನ್ (ಡೇಟಾಬೇಸಿನ ವಿಳಾಸದ) ಸಾಲಿನಲ್ಲೇ ಚಾರ್‌ಸೆಟ್ ಯುಟಿಎಫ್8ಎಂಬಿ4 ಎಂದು ಬರೆಯಿರಿ. ಮೈಎಸ್‌ಕ್ಯುಎಲ್ಐ ಆದರೆ ಸೆಟ್ ಚಾರ್‌ಸೆಟ್ ಕರೆಯಿರಿ. ಸೆಟ್ ನೇಮ್ಸ್ ಕ್ವೆರಿ ಕಳಿಸಿದರೆ ಅಕ್ಷರ ಬರುತ್ತದೆ, ಆದರೆ ಎಸ್ಕೇಪ್ ಮಾಡುವ (ಅಪಾಯದ ಚಿಹ್ನೆಗಳನ್ನು ನಿಷ್ಕ್ರಿಯ ಮಾಡುವ) ಫಂಕ್ಷನ್‌ಗೆ ಬದಲಾವಣೆ ತಿಳಿಯುವುದಿಲ್ಲ, ಸುರಕ್ಷೆಗೆ ಒಳ್ಳೆಯದಲ್ಲ. ಎಂಬಿ4 ಇಲ್ಲದ ಬರೀ ಯುಟಿಎಫ್8 ಕನ್ನಡಕ್ಕೆ ಸಾಕು, ಎಮೋಜಿಗೆ ಸಾಲದು. ಅದಕ್ಕೆ 4 ಬೈಟ್ ಬೇಕು.

ಹೆಜ್ಜೆ 6: ಪಿಎಚ್‌ಪಿ ಒಳಗಿನ ಕತ್ತರಿ

ಡೇಟಾ ಸರಿ, ಕನೆಕ್ಷನ್ ಸರಿ, ಆದರೂ ಮುಖಪುಟದಲ್ಲಿ ಸಾರಾಂಶದ ಕೊನೆಗೆ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆಯೇ? ಸಬ್‌ಎಸ್‌ಟಿಆರ್ ಫಂಕ್ಷನ್ ಬೈಟ್ ಎಣಿಸಿ ಅಕ್ಷರದ ನಡುವೆ ಕತ್ತರಿಸಿದೆ. ಹಳೇ ಪಿಎಚ್‌ಪಿಯಲ್ಲಿ ಅದೇ ತುಂಡು ಎಚ್‌ಟಿಎಂಎಲ್ ಸ್ಪೆಷಲ್‌ಚಾರ್ಸ್ ಮೂಲಕ ಹೋದರೆ ಇಡೀ ಸಾರಾಂಶವೇ ಖಾಲಿ ಬರುತ್ತದೆ. ಜೇಸನ್ ಎನ್‌ಕೋಡ್‌ಗೆ ಹೋದರೆ ಫಾಲ್ಸ್ ಬರುತ್ತದೆ, ಮೊಬೈಲ್ ಆ್ಯಪ್‌ನಲ್ಲಿ ಪಟ್ಟಿ ಕಾಣುವುದೇ ಇಲ್ಲ. ಎಂಬಿ ಸಬ್‌ಎಸ್‌ಟಿಆರ್ ಬಳಸಿ. ಅದೂ ಒತ್ತಕ್ಷರದ ನಡುವೆ ಕತ್ತರಿಸಬಹುದು, ಆದ್ದರಿಂದ ಮಿತಿಯ ಒಳಗಿನ ಕೊನೆಯ ಖಾಲಿ ಜಾಗದವರೆಗೆ ಹಿಂದೆ ಬಂದು ಪೂರ್ತಿ ಪದಕ್ಕೆ ನಿಲ್ಲಿಸಿ. ಕನ್ನಡಕ್ಕೆ ನಾನು ಒಪ್ಪುವುದು ಇದೊಂದೇ.

ಎಕ್ಸೆಲ್‌ನಲ್ಲಿ ಪಟ್ಟಿ ತಿದ್ದಿ ವಾಪಸ್ ಕಳಿಸುವವರಿಗೆ ಮೊದಲೇ ಹೇಳಿಬಿಡಿ: ಸೇವ್ ಮಾಡುವಾಗ ಬರೀ ಸಿಎಸ್‌ವಿ ಅಲ್ಲ, ಸಿಎಸ್‌ವಿ ಯುಟಿಎಫ್8 ಆರಿಸಬೇಕು. ಬರೀ ಸಿಎಸ್‌ವಿ ಆರಿಸಿದರೆ ಫೈಲಿನಲ್ಲೇ ಕನ್ನಡ ಪ್ರಶ್ನಾರ್ಥಕ ಚಿಹ್ನೆಯಾಗಿ ಕೂತಿರುತ್ತದೆ. ಅಪ್‌ಲೋಡ್ ಮಾಡುವ ಕೋಡಿನಲ್ಲಿ ತಪ್ಪು ಹುಡುಕಿ ಪ್ರಯೋಜನವಿಲ್ಲ.

ಎಲ್ಲಾ ಮುಗಿದ ಮೇಲೆ "ಹಲೋ" ಎಂದು ಟೈಪ್ ಮಾಡಿ ಪರೀಕ್ಷೆ ಮುಗಿಸಬೇಡಿ. "ಐದು ಝರಿ, ಏಳು ಕ್ಷೇತ್ರ" ಎಂದು ಬರೆದು ಕೊನೆಗೊಂದು ಎಮೋಜಿ ಹಾಕಿ. ವಿಂಡೋಸ್ 1252ರ ಖಾಲಿ ಜಾಗಗಳ ಮೇಲೆ ಬೀಳುವ ಐದೂ ಇದರಲ್ಲಿವೆ. ಸೈಟಿನ ಫಾರ್ಮ್‌ನಿಂದಲೇ ಸೇರಿಸಿ. ಪುಟದಲ್ಲಿ ನೋಡಿ, ಪಿಎಚ್‌ಪಿಮೈಅಡ್ಮಿನ್‌ನಲ್ಲಿ ನೋಡಿ, ಹೆಕ್ಸ್ ನೋಡಿ, ಒಂದು ಡಂಪ್ ತೆಗೆದು ಟೆಸ್ಟ್ ಡೇಟಾಬೇಸಿಗೆ ಹಾಕಿ ಅಲ್ಲೂ ನೋಡಿ. ನಾಲ್ಕೂ ಕಡೆ ಒಂದೇ ಥರ ಬಂದ ಮೇಲಷ್ಟೇ ಹಳೇ ಸರ್ವರ್ ನಿಲ್ಲಿಸಿ.