ಬಳಸದ ಕೋಡ್ ನಿಜಕ್ಕೂ ಉದುರುತ್ತದೆಯೇ? ಒಂದು ಸಾಲಿನ ಪರೀಕ್ಷೆ

ಜಗಳೂರು ಕಡೆಯ ಹಳ್ಳಿಯೊಂದರಲ್ಲಿ ನಿಂತು, ದಾವಣಗೆರೆ ಮಾರುಕಟ್ಟೆಯ ಮೆಕ್ಕೆಜೋಳದ ದರವನ್ನು ಮೊಬೈಲಿನಲ್ಲಿ ನೋಡುವ ರೈತರು, ಆ ಪುಟ ಎಂದೂ ಬಳಸದ ಕೋಡನ್ನೂ ಇಳಿಸಿಕೊಳ್ಳುವಂತಾಗಬಾರದು. ಕ್ವಿಂಟಲ್ ಲೆಕ್ಕ, ದಿನಾಂಕ, ಕನ್ನಡ ಅಂಕಿಗಳ ಫಂಕ್ಷನ್‌ಗಳೆಲ್ಲ ನಿಮ್ಮ ಒಂದೇ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿದ್ದು, ದರದ ಪುಟಕ್ಕೆ ಅವುಗಳಲ್ಲಿ ಒಂದು ಮಾತ್ರ ಬೇಕಾಗಿದೆ ಎನ್ನೋಣ. ಉಳಿದವನ್ನು ಬಂಡಲರ್ (ಹಲವು ಕೋಡ್ ಫೈಲುಗಳನ್ನು ಒಂದಾಗಿ ಕಟ್ಟುವ ಸಾಧನ) ತಾನಾಗಿ ಕೈಬಿಡುವುದನ್ನು, ಮರ ಅಲುಗಿಸಿ ಒಣ ಎಲೆ ಉದುರಿಸಿದಂತೆ, ಟ್ರೀ-ಶೇಕಿಂಗ್ ಎನ್ನುತ್ತಾರೆ.

ಇದಕ್ಕೆ ಜಾವಾಸ್ಕ್ರಿಪ್ಟ್ ಭಾಷೆಯ 2015ರ ಆವೃತ್ತಿಯಾದ ಇಎಸ್6 ತಂದ ಇಂಪೋರ್ಟ್, ಎಕ್ಸ್‌ಪೋರ್ಟ್ ರೂಪವೇ ಆಧಾರ. ಯಾವ ಹೆಸರು ಎಲ್ಲಿಂದ ಬರುತ್ತದೆಂಬುದು ಕೋಡ್ ಓಡುವ ಮೊದಲೇ ಅದರಲ್ಲಿ ತಿಳಿಯುತ್ತದೆ. ಬೇಬೆಲ್ ಅಥವಾ ಟೈಪ್‌ಸ್ಕ್ರಿಪ್ಟ್ (ಕೋಡನ್ನು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವ ಸಾಧನಗಳು) ಅದನ್ನು, ಕೋಡ್ ಓಡುವಾಗಲಷ್ಟೇ ಫೈಲುಗಳನ್ನು ತರುವ ಹಳೆಯ ರಿಕ್ವೈರ್ ರೂಪಕ್ಕೆ ಬದಲಿಸುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಪರೀಕ್ಷೆ ಹೀಗಿದೆ. ಹೊಸ ಫೈಲೊಂದರಲ್ಲಿ ಒಂದೇ ಸಾಲು ಬರೆಯಿರಿ: ಯಾವ ಹೆಸರನ್ನೂ ಕೇಳದೆ, ಲೈಬ್ರರಿಯ ಮುಖ್ಯ ಫೈಲನ್ನು ಅದರ ದಾರಿಯ ಮೂಲಕ ಇಂಪೋರ್ಟ್ ಮಾಡುವ ಸಾಲು. ಆ ಫೈಲನ್ನು ಪ್ಲಗಿನ್‌ಗಳಿಲ್ಲದ ರೋಲಪ್‌ಗೆ (ಇದೊಂದು ಬಂಡಲರ್; ಪ್ಲಗಿನ್ ಎಂದರೆ ಅದಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಕೊಟ್ಟು, ಇಎಸ್ ರೂಪದಲ್ಲಿ, ಅಂದರೆ ಅದೇ ಇಂಪೋರ್ಟ್, ಎಕ್ಸ್‌ಪೋರ್ಟ್ ರೂಪದಲ್ಲಿ, ಬಂಡಲ್ ಮಾಡಿ. ಏನನ್ನೂ ಕೇಳಿಲ್ಲವಾದ್ದರಿಂದ ಏನೂ ಬರಬಾರದು. ಖಾಲಿ ಚಂಕ್ (ಬಂಡಲ್ ಮಾಡಿದಾಗ ಸಿಗುವ ಫೈಲ್) ತಯಾರಾಯಿತೆಂದು ರೋಲಪ್ ಎಚ್ಚರಿಸಿದರೆ ಅದು ಶುಭಸೂಚನೆ. ಸಾಲುಗಳೇನಾದರೂ ಉಳಿದಿದ್ದರೆ ನಿಮ್ಮ ಉತ್ತರ ಆ ಸಾಲುಗಳಲ್ಲೇ ಇದೆ, ಆದ್ದರಿಂದ ಒಂದೊಂದನ್ನೂ ನಿಧಾನವಾಗಿ ಓದಿರಿ.

ಅಲ್ಲಿ ಹೆಚ್ಚಾಗಿ ಸಿಗುವುದು, ಫೈಲ್ ತೆರೆದ ಕೂಡಲೇ ನಡೆಯುವ ಕೆಲಸಗಳು. ಕನ್ನಡ ಅಂಕಿಗಾಗಿ ನಂಬರ್‌ನ ಪ್ರೊಟೊಟೈಪ್‌ಗೇ (ಎಲ್ಲ ಸಂಖ್ಯೆಗಳೂ ಹಂಚಿಕೊಳ್ಳುವ ಮೂಲಕ್ಕೇ) ಹೊಸ ಮೆಥಡ್ ಸೇರಿಸಿದ್ದರೆ, ಬೇರೆ ಯಾರಾದರೂ ಅದನ್ನು ನೆಚ್ಚಿಕೊಂಡಿರಬಹುದೆಂದು ಬಂಡಲರ್ ಅದನ್ನು ಉಳಿಸಿಕೊಳ್ಳುತ್ತದೆ, ಮತ್ತು ಹಾಗೆ ಉಳಿಸಿಕೊಳ್ಳುವುದೇ ಸರಿ. ಅದನ್ನು ಸಾಮಾನ್ಯ ಫಂಕ್ಷನ್ ಆಗಿ ಬರೆದು ಎಕ್ಸ್‌ಪೋರ್ಟ್ ಮಾಡಿ. ಹೊರಗಿನ ಪ್ಯಾಕೇಜಿನ ಫಂಕ್ಷನ್ನನ್ನು ಮೇಲ್ಮಟ್ಟದಲ್ಲೇ ಕರೆದಿದ್ದು, ಆ ಕರೆಯಿಂದ ಬೇರೇನೂ ಬದಲಾಗದು ಎಂಬ ಖಾತ್ರಿಯಿದ್ದರೆ, ಕರೆಯ ಮುಂದೆ ಪ್ಯೂರ್ ಎಂಬ ಗುರುತಿನ ಕಾಮೆಂಟ್ ಹಾಕಬಹುದು.

ಲೈಬ್ರರಿಯ ವಿವರಗಳಿರುವ ಪ್ಯಾಕೇಜ್.ಜೇಸನ್ ಫೈಲಿನಲ್ಲಿ ಸೈಡ್‌ಎಫೆಕ್ಟ್ಸ್ ಎಂಬುದನ್ನು ಫಾಲ್ಸ್ ಎಂದು ಬರೆಯುವ ಅವಸರ ಬೇಡ. ಅದು ಬಂಡಲರ್‌ಗೆ ನೀವು ಕೊಡುವ ಮಾತು: ಈ ಫೈಲುಗಳನ್ನು ತೆರೆದ ಮಾತ್ರಕ್ಕೆ ಬೇರೇನೂ ಬದಲಾಗದು, ಬಳಸದಿದ್ದರೆ ಬಿಡಬಹುದು ಎಂದು. ಆ ಮಾತನ್ನು ನಂಬಿ ವೆಬ್‌ಪ್ಯಾಕ್ ಎಂಬ ಬಂಡಲರ್, ಹೆಸರು ಕೇಳದೆ ಇಂಪೋರ್ಟ್ ಮಾಡಿದ, ಪುಟದ ಅಂದವನ್ನು ನಿರ್ಧರಿಸುವ ಸಿಎಸ್‌ಎಸ್ ಫೈಲನ್ನೂ ಬಿಟ್ಟುಬಿಡಬಲ್ಲದು. ಪ್ಲಗಿನ್ ಇಲ್ಲದ ರೋಲಪ್ ಆ ಸಾಲನ್ನು ಓದುವುದಿಲ್ಲವಾದ್ದರಿಂದಲೇ ಮೇಲಿನ ಪರೀಕ್ಷೆ ಕೋಡನ್ನೇ ಅಳೆಯುತ್ತದೆ.

ಖಾಲಿ ಬಂಡಲ್ ಬಂದ ಮೇಲೂ ಇನ್ನೊಂದು ಸಲ ನೋಡಬೇಕು. ಈ ಬಾರಿ ಕ್ವಿಂಟಲ್ ಫಂಕ್ಷನ್ ಒಂದನ್ನೇ ಹೆಸರಿಟ್ಟು ತಂದು ಬಳಸಿ, ಫಲಿತಾಂಶದಲ್ಲಿ ದಿನಾಂಕದ ಕೋಡ್ ಇದೆಯೇ ಎಂದು ಹುಡುಕಿರಿ. ಎಲ್ಲವನ್ನೂ ಒಂದೇ ಕ್ಲಾಸಿನ ಮೆಥಡ್‌ಗಳಾಗಿ ಬರೆದಿದ್ದರೆ ಮೊದಲ ಪರೀಕ್ಷೆಯಲ್ಲಿ ಗೆದ್ದ ಲೈಬ್ರರಿಯೂ ಇಲ್ಲಿ ಸೋಲುತ್ತದೆ, ಏಕೆಂದರೆ ಕ್ಲಾಸನ್ನು ಬಳಸಿದೊಡನೆ ಅದರ ಮೆಥಡ್‌ಗಳು ಸಾಮಾನ್ಯವಾಗಿ ಒಟ್ಟಾಗಿಯೇ ಬರುತ್ತವೆ.