ಚರಂಡಿ ಸೊಳ್ಳೆಗೆ ಬೇವಿನ ಬೀಜದ ಕಷಾಯ

ಸಂಜೆಯಾದರೆ ಬೇವಿನ ಸೊಪ್ಪಿನ ಹೊಗೆ ಹಾಕುವುದು ರೂಢಿ. ಹೊಗೆ ಇರುವ ತನಕ ಸೊಳ್ಳೆ ಹೊರಗೆ, ಆರಿದ ಮೇಲೆ ಮತ್ತೆ ಒಳಗೆ. ಬೇವಿನ ಕಸುವು ಸೊಪ್ಪಿಗಿಂತ ಬೀಜದ ತಿರುಳಿನಲ್ಲಿ ಹೆಚ್ಚು. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ, ಸೊಳ್ಳೆಯ ಮರಿಹುಳು ಪೊರೆ ಕಳಚಿ ಬೆಳೆಯುವುದನ್ನೇ ಕೆಡಿಸುತ್ತದೆ. ಹಾರುವ ಸೊಳ್ಳೆಯನ್ನು ಬಿಟ್ಟು ನೀರಿನಲ್ಲಿರುವ ಮರಿಯನ್ನು ಹಿಡಿಯುವುದೇ ಜಾಣತನ.

ಕಲಬುರಗಿ, ಯಾದಗಿರಿ, ಬೀದರ್ ಕಡೆ ಬೇವಿನ ಮರಕ್ಕೂ ಬರವಿಲ್ಲ, ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೂ ಬರವಿಲ್ಲ. ಈ ಸೊಳ್ಳೆ ಮರಿ ಮಾಡುವುದು ಕೊಳಚೆಯಲ್ಲಿ: ಕಟ್ಟಿಕೊಂಡ ಚರಂಡಿ, ಇಂಗುಗುಂಡಿ, ಬಚ್ಚಲು ನೀರು ನಿಲ್ಲುವ ಹೊಂಡ. ಹೂಳು ತೆಗೆದರೆ ನೀರು ಹರಿಯುತ್ತದೆ ಎಂದಾದರೆ ಮೊದಲು ಸಲಿಕೆ ಹಿಡಿಯಿರಿ. ಹರಿಸಲು ಆಗದ ನೀರಿಗೆ ಮಾತ್ರ ಕಷಾಯ.

ಬೀಜ

ಹಣ್ಣು ಉದುರುವುದು ಜೂನ್–ಜುಲೈನಲ್ಲಿ. ಆರಿಸಿ ತಂದ ಹಣ್ಣನ್ನು ನೀರಿನಲ್ಲಿ ಉಜ್ಜಿ ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ ಗೋಣಿಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಎಸೆಯಿರಿ, ಅದರಲ್ಲಿ ವಿಷ ಬೆಳೆದಿರಬಹುದು. ಎಂಟು ತಿಂಗಳು ದಾಟಿದ ಬೀಜ ಹೆಸರಿಗೆ ಮಾತ್ರ ಬೀಜ.

ಕಷಾಯ

10 ಲೀಟರಿಗೆ ಅರ್ಧ ಕೆ.ಜಿ. ತಿರುಳು ಬೇಕು. ಗಟ್ಟಿ ಸಿಪ್ಪೆ ಹೋದರೆ ಬೀಜದ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದರಿಂದ ಒಂದು ಕೆ.ಜಿ. ಬೀಜ ತೆಗೆದುಕೊಳ್ಳಿ. ಒರಳಿನಲ್ಲಿ ತರಿತರಿಯಾಗಿ ಕುಟ್ಟಿ. ತೀರಾ ನುಣ್ಣಗೆ ಅರೆದರೆ ಎಣ್ಣೆ ಬಿಟ್ಟು ಮುದ್ದೆಗಟ್ಟುತ್ತದೆ. ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಹೆಸರು ಕಷಾಯವಾದರೂ ಕುದಿಸಬಾರದು, ಬಿಸಿಗೆ ಅಜಾಡಿರಾಕ್ಟಿನ್ ಕೆಡುತ್ತದೆ. ಬೆಳಿಗ್ಗೆ ಗಂಟನ್ನು ನೀರಿನಲ್ಲೇ ಹಿಂಡಿ ಹಿಂಡಿ ತೆಗೆದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಇನ್ನೊಮ್ಮೆ ಸೋಸಿ. ಈ ಸೋಸುವುದನ್ನು ಉದಾಸೀನ ಮಾಡಬೇಡಿ: ಚರಟ ಚರಂಡಿಗೆ ಬಿದ್ದು ಕೊಳೆತರೆ ಮರಿಹುಳುವಿಗೆ ಅದೇ ಊಟ, ಆ ವಾಸನೆಗೆ ಮೊಟ್ಟೆಯಿಡುವ ಸೊಳ್ಳೆಯೂ ಬರುತ್ತದೆ. ಚರಟ ಗಿಡದ ಬುಡಕ್ಕೆ ಹೋಗಲಿ. ಸುರಿಯುವ ಹೊತ್ತಿಗೆ 20 ಗ್ರಾಂ ಸೋಪನ್ನು ಕರಗಿಸಿ ಸೇರಿಸಿ. ಮೊದಲೇ ಹಾಕಿಟ್ಟರೆ ಸೋಪಿನ ಕ್ಷಾರಕ್ಕೆ ಕಸುವು ಇಳಿಯುತ್ತದೆ. ಮರುದಿನಕ್ಕೆ ಉಳಿಸಬೇಡಿ.

ಅಳತೆ

ನಿಂತ ನೀರು 10 ಲೀಟರಿದ್ದರೆ ಕಷಾಯ 1 ಲೀಟರ್. ನೀರೆಷ್ಟಿದೆ ಎಂದು ಕಣ್ಣಂದಾಜು ಬೇಡ. ಉದ್ದ 5 ಮೀಟರ್, ಅಗಲ 30 ಸೆಂ.ಮೀ., ಆಳ 4 ಸೆಂ.ಮೀ. ಇರುವ ಚರಂಡಿಯಲ್ಲಿ 60 ಲೀಟರ್ ನೀರಿರುತ್ತದೆ. ಅದಕ್ಕೆ ಕಷಾಯ 6 ಲೀಟರ್, ಅಂದರೆ ತಿರುಳು 300 ಗ್ರಾಂ. ಬಿಸಿಲಿಗೆ ಕಸುವು ಬೇಗ ಹೋಗುವುದರಿಂದ ಸಂಜೆಯೇ ಸುರಿಯಿರಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ಹಾಕಬೇಕು. ನಡುವೆ ಜೋರು ಮಳೆ ಬಂದು ತೊಳೆದುಹೋದರೆ ಮತ್ತೆ ಹಾಕಿ.

ಕುಡಿಯುವ ನೀರು, ಬಾವಿ, ಮೀನಿರುವ ಹೊಂಡಕ್ಕೆ ಇದನ್ನು ಹಾಕಲೇಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುವ ಮನೆಯ ಡ್ರಮ್ಮು, ತೊಟ್ಟಿಗೂ ಇದು ಮದ್ದಲ್ಲ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ. ಅಲ್ಲಿ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದೊಡನೆ ಮರಿಯಾಗುತ್ತದೆ.

ಕೆಲಸ ಮಾಡಿತೇ?

ಮರುದಿನ ಹೋಗಿ ನೋಡಿದವರು, ಹುಳು ಇನ್ನೂ ಕುಣಿಯುತ್ತಿವೆ ಎಂದು ಕೈಬಿಡುವುದೇ ಹೆಚ್ಚು. ಇದು ಥಟ್ಟನೆ ಕೊಲ್ಲುವ ಮದ್ದಲ್ಲ. ಹುಳು ಪೊರೆ ಬಿಡುವಾಗ ಸಿಕ್ಕಿಕೊಂಡು ಸಾಯಬೇಕು. ಹಾಕುವ ಮೊದಲು ಹತ್ತು ಕಡೆ ಒಂದೊಂದು ಸೌಟು ನೀರು ಮೊಗೆದು ಬಿಳಿ ಬಟ್ಟಲಿಗೆ ಸುರಿದು ಎಣಿಸಿ ಬರೆದಿಡಿ. ತಲೆ ಕೆಳಗಾಗಿ ಓರೆಯಾಗಿ ತೂಗುವುದು ಕ್ಯೂಲೆಕ್ಸ್ ಮರಿ. ನೀರಿನ ಮೇಲ್ಮೈಗೆ ಸಮವಾಗಿ ಮಲಗಿದ್ದರೆ ಅದು ಮಲೇರಿಯಾದ ಅನಾಫಿಲಿಸ್. ಅಲ್ಪವಿರಾಮದಂತೆ ಬಾಗಿ ಉರುಳಾಡುವುದು ಪ್ಯೂಪಾ. ಪ್ಯೂಪಾ ಏನನ್ನೂ ತಿನ್ನುವುದಿಲ್ಲ, ಕೊನೆಯ ಹಂತಕ್ಕೆ ಬಂದಿರುತ್ತದೆ. ಕಷಾಯದಿಂದ ಅದಕ್ಕೆ ಹೆಚ್ಚೇನೂ ಆಗದು. ಅದನ್ನು ಚಹಾ ಜರಡಿಯಲ್ಲಿ ಎತ್ತಿ ಒಣ ಮಣ್ಣಿಗೆ ಎಸೆಯಿರಿ. ಐದಾರು ದಿನ ಬಿಟ್ಟು ಅದೇ ಜಾಗಗಳಲ್ಲಿ ಮತ್ತೆ ಎಣಿಸಿ. ದೊಡ್ಡ ಹುಳು, ಪ್ಯೂಪಾ ಕಡಿಮೆಯಾಗಿರದಿದ್ದರೆ ಬೀಜ ಹಳೆಯದು, ಇಲ್ಲವೇ ನೀರಿನ ಲೆಕ್ಕ ತಪ್ಪಿದೆ.