ಬುಡದಿಂದ ನೀರು ಕುಡಿಯುವ ಟಬ್: ಕಲಬುರಗಿಯ ಮಾಳಿಗೆಯ ಮೇಲೆ ಟೊಮೆಟೊ ಬೆಳೆಯುವ ಬಗೆ

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಮನೆಯಿಂದಲೇ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಬೆಳಿಗ್ಗೆ ಐದಕ್ಕೆ ಹಂಚು ಕಾಯಿಸಿದರೆ ಮಧ್ಯಾಹ್ನ ಎರಡರವರೆಗೆ ಒಲೆ ಬಿಟ್ಟು ಏಳುವಂತಿಲ್ಲ. ನಲ್ಲಿ ನೀರು ನಮ್ಮ ಓಣಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಇಂಥ ದಿನಚರಿಯಲ್ಲಿ ಮಾಳಿಗೆಯ ಮೇಲೆ ಕುಂಡ ಇಟ್ಟು ದಿನಕ್ಕೆರಡು ಸಲ ನೀರು ಹಾಕುತ್ತೇನೆ ಎಂದು ಹೊರಟದ್ದೇ ತಪ್ಪು. ಮೊದಲ ವರ್ಷ ಹನ್ನೆರಡು ಟೊಮೆಟೊ ಗಿಡಗಳಲ್ಲಿ ಒಂಬತ್ತು ಒಣಗಿದವು. ನಮ್ಮ ಅತ್ತೆ ಮಾಳಿಗೆಗೆ ಬಂದು ನೋಡಿ, "ಮೇಲಿನ ಮಣ್ಣು ತೋಯಿಸಿ ಬಿಸಿಲಿಗೆ ಕುಡಿಸುತ್ತೀಯಲ್ಲವ್ವಾ, ಬೇರಿಗೆ ಏನು ಉಳಿಯಿತು?" ಎಂದರು. ಆ ಮಾತೇ ಈ ಟಬ್‌ಗಳಿಗೆ ದಾರಿ ತೋರಿತು.

ಇದರ ತತ್ವ ದೀಪದ್ದೇ. ಹಣತೆಯ ತಳದಲ್ಲಿರುವ ಎಣ್ಣೆಯನ್ನು ಬತ್ತಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಾಗೆಯೇ ಟಬ್ಬಿನ ತಳದಲ್ಲಿ ನೀರು ನಿಲ್ಲುತ್ತದೆ, ಅದರ ಮೇಲೆ ಒಂದು ಅಟ್ಟ, ಅಟ್ಟದ ಮೇಲೆ ತೆಂಗಿನ ನಾರಿನ ಪುಡಿ ಸೇರಿದ ಮಿಶ್ರಣ. ಆ ಮಿಶ್ರಣದ ಒಂದೆರಡು ಕಾಲುಗಳು ಅಟ್ಟದಿಂದ ಕೆಳಗಿಳಿದು ನೀರಿನಲ್ಲಿ ನಿಂತಿರುತ್ತವೆ. ಅವೇ ಬತ್ತಿಗಳು. ಗಿಡ ಎಷ್ಟು ಕುಡಿಯುತ್ತದೆಯೋ ಅಷ್ಟೇ ನೀರು ಮೇಲೇರುತ್ತದೆ. ಬಿಸಿಲು ಹೆಚ್ಚಾದರೆ ಹೆಚ್ಚು, ಮೋಡ ಮುಚ್ಚಿದರೆ ಕಡಿಮೆ.

ಬೀದರ್‌ನ ನೌಬಾದ್‌ನಲ್ಲಿರುವ ಕರೇಜ್ ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಕೆಂಪು ಮುರಕಲ್ಲನ್ನು ಕೊರೆದು ನೆಲದಡಿ ನೀರು ಹರಿಸಿದರು. ಅಲ್ಲಿನವರು ಅದನ್ನು ಸುರಂಗ ಬಾವಿ ಎನ್ನುತ್ತಾರೆ. ನೀರನ್ನು ಬಿಸಿಲಿನ ಕಣ್ಣಿಗೆ ಬೀಳದಂತೆ ಒಯ್ಯುವ ಬುದ್ಧಿ ಈ ಸೀಮೆಯಲ್ಲಿ ಆರು ನೂರು ವರ್ಷಗಳಷ್ಟು ಹಳೆಯದು. ಆ ಸುರಂಗದ ತಂಪಿನಲ್ಲಿ ನಿಂತಾಗ ನನಗೆ ನಿಜಕ್ಕೂ ಕಣ್ಣು ತುಂಬಿತ್ತು.

ಈಗ ಕೆಲಸಕ್ಕೆ ಬರೋಣ. ನಾನು ಬಳಸುವ ಟಬ್ ತಳದಲ್ಲಿ 40 ಸೆಂಟಿಮೀಟರ್ ಅಗಲ, ಸುಮಾರು 40 ಸೆಂಟಿಮೀಟರ್ ಎತ್ತರ. ಮೊದಲು ಖಾಲಿ ಎಣ್ಣೆ ಡಬ್ಬಗಳಲ್ಲಿ ಮಾಡಿದ್ದೆ, ಒಂದೇ ಹಂಗಾಮಿಗೆ ತಳ ತುಕ್ಕು ಹಿಡಿದು ಸೋರಿತು. ಪ್ಲಾಸ್ಟಿಕ್ಕೇ ಇರಲಿ. 20 ಲೀಟರಿನ ಬಣ್ಣದ ಬಕೆಟ್ ಮೆಣಸಿನಕಾಯಿಗೆ ಸಾಕು, ಟೊಮೆಟೊಗೂ ಬದನೆಗೂ ಚಿಕ್ಕದಾಗುತ್ತದೆ. ಬಕೆಟ್ ತೆಗೆದುಕೊಂಡರೆ ಒಳಗಿನ ಬಣ್ಣ ಪೂರ್ತಿ ಹೋಗುವಂತೆ ಉಜ್ಜಿ ತೊಳೆಯಬೇಕು. ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಅಗ್ಗಕ್ಕೆ ಸಿಕ್ಕಿತೆಂದು ತರಲೇಬೇಡಿ.

ಅಟ್ಟಕ್ಕೆ 4 ಇಂಚಿನ ಪಿವಿಸಿ ಪೈಪ್ ಬೇಕು. ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ನನ್ನ ಮೈದುನ ಉಳಿದ ತುಂಡುಗಳನ್ನು ತಂದುಕೊಡುತ್ತಾನೆ. ಹತ್ತು ಹತ್ತು ಸೆಂಟಿಮೀಟರಿನ ಐದು ತುಂಡು ಕತ್ತರಿಸಿ ಟಬ್ಬಿನ ತಳದಲ್ಲಿ ನಿಲ್ಲಿಸಬೇಕು. ಮೂರು ಬರೀ ಕಂಬಗಳು. ಉಳಿದ ಎರಡರ ಮೈತುಂಬ ಸಣ್ಣ ತೂತು ಕೊರೆಯಬೇಕು, ಇವು ಬತ್ತಿಯ ಗೂಡುಗಳು. ಮೇಲೆ ಹಳೆಯ ಡ್ರಮ್ಮಿನ ಮುಚ್ಚಳವನ್ನೋ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನೋ ದುಂಡಗೆ ಕತ್ತರಿಸಿ ಕೂರಿಸಿ. ಅದರಲ್ಲಿ ಬತ್ತಿಗಳ ನೇರಕ್ಕೆ ಎರಡು ದೊಡ್ಡ ತೂತು, ನೀರು ತುಂಬುವ ಕೊಳವೆಗೆ ಅಂಚಿನಲ್ಲಿ ಒಂದು, ಉಳಿದ ಕಡೆ ಗಾಳಿಯಾಡಲು ಸಣ್ಣ ತೂತುಗಳು. ತೂತುಗಳನ್ನು ಡ್ರಿಲ್‌ನಿಂದಲೇ ಮಾಡಿ. ಕಾಯಿಸಿದ ಮೊಳೆಯಿಂದ ಪ್ಲಾಸ್ಟಿಕ್ ಸುಟ್ಟರೆ ಬರುವ ಹೊಗೆ ಎದೆಗೆ ಕೆಟ್ಟದ್ದು.

ಬತ್ತಿ ಎರಡೇ ಏಕೆ ಎಂಬುದನ್ನು ನಾನು ಬೆಲೆ ತೆತ್ತು ಕಲಿತೆ. ಮೊದಲು ಒಂದನ್ನೇ ಇಟ್ಟಿದ್ದೆ. ಚಳಿಗಾಲದಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿತೋ ಇಲ್ಲವೋ, ತಳದಲ್ಲಿ ನೀರು ತುಂಬಿದ್ದರೂ ಮಧ್ಯಾಹ್ನ ಬದನೆ ಗಿಡ ತಲೆ ಬಾಗಿಸಿ ನಿಲ್ಲುತ್ತಿತ್ತು. ಮನೆಯಲ್ಲಿ ಕಾಳು ತುಂಬಿಟ್ಟು ಬಾಗಿಲು ಕಿರಿದಾದಂತೆ. ಅಟ್ಟದ ಹರವಿನ ಹತ್ತರಲ್ಲೊಂದು ಪಾಲಿಗಿಂತ ಬತ್ತಿಯ ಹರವು ಕಡಿಮೆಯಾದರೆ ನಮ್ಮ ಬಿಸಿಲಿಗೆ ಸಾಲುವುದಿಲ್ಲ. ಈ ಅಳತೆಯ ಟಬ್ಬಿಗೆ ಎರಡು ಬತ್ತಿ ಇಟ್ಟರೆ ಸುಮಾರು ನೂರಕ್ಕೆ ಹದಿನೈದು ಪಾಲು ಬರುತ್ತದೆ.

ಇನ್ನು ಹೆಚ್ಚಾದ ನೀರು ಹೊರಹೋಗುವ ತೂತು. ಇದನ್ನು ಮರೆತರೆ ಇಡೀ ಕೆಲಸ ಹಾಳು. ಟಬ್ಬಿನ ಪಕ್ಕದಲ್ಲಿ, ತಳದಿಂದ 9 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ಅಟ್ಟಕ್ಕಿಂತ ಒಂದು ಸೆಂಟಿಮೀಟರ್ ಕೆಳಗೆ ಕೊರೆಯಬೇಕು. ನೀರಿಗೂ ಅಟ್ಟಕ್ಕೂ ನಡುವೆ ಉಳಿಯುವ ಆ ತೆಳು ಗಾಳಿಯ ಪದರವೇ ಬೇರಿನ ಉಸಿರು. ತೂತಿಲ್ಲದಿದ್ದರೆ ಒಂದೇ ಮಳೆಗೆ ಟಬ್ ಕೆರೆಯಾಗಿ ಬೇರು ಕೊಳೆಯುತ್ತದೆ. ಇಷ್ಟು ಮಾಡಿದರೆ ತಳದಲ್ಲಿ ಸುಮಾರು 10 ಲೀಟರ್ ನೀರು ನಿಲ್ಲುತ್ತದೆ. ತುಂಬಿ ಬೆಳೆದ ಟೊಮೆಟೊ ಗಿಡ ಬಿಸಿಲ ದಿನದಲ್ಲಿ ಎರಡು ಮೂರು ಲೀಟರ್ ಕುಡಿಯುತ್ತದೆ. ಹಾಗಾಗಿ ಒಮ್ಮೆ ತುಂಬಿಸಿದರೆ ಮೂರು ನಾಲ್ಕು ದಿನ, ನಲ್ಲಿ ನೀರಿನ ಲೆಕ್ಕಕ್ಕೆ ಸರಿಹೋಗುತ್ತದೆ.

ತುಂಬಲು ಒಂದಿಂಚಿನ ಕೊಳವೆ ಸಾಕು. ಅದರ ಕೆಳತುದಿಯನ್ನು ಓರೆಯಾಗಿ ಕತ್ತರಿಸಿ, ಇಲ್ಲದಿದ್ದರೆ ತಳಕ್ಕೆ ಅಂಟಿ ನೀರು ಇಳಿಯುವುದಿಲ್ಲ. ಕೊಳವೆಯೊಳಗೆ ತೆಳುವಾದ ಬಿದಿರಿನ ಕಡ್ಡಿಗೆ ಥರ್ಮಾಕೋಲ್ ತುಂಡು ಚುಚ್ಚಿ ಬಿಟ್ಟರೆ ನೀರು ಎಷ್ಟಿದೆ ಎಂದು ಕಡ್ಡಿಯೇ ಹೇಳುತ್ತದೆ. ಕೊಳವೆಯ ಬಾಯಿಗೂ ಪಕ್ಕದ ತೂತಿಗೂ ಸೊಳ್ಳೆ ಪರದೆಯ ಬಟ್ಟೆ ಕಟ್ಟಲೇಬೇಕು. ಈ ಮಾತಿನಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ಸ್ವಚ್ಛ ನೀರಿನಲ್ಲೇ ಮೊಟ್ಟೆ ಇಡುತ್ತದೆ, ಒಂದು ವಾರ ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ನಮ್ಮ ಟೊಮೆಟೊಗಾಗಿ ಓಣಿಯ ಮಕ್ಕಳು ಜ್ವರದಲ್ಲಿ ಮಲಗಬಾರದು.

ಮಣ್ಣಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಕಷ್ಟದ ಮಾತು ಹೇಳಬೇಕು. ತೊಗರಿಗೆ ತಾಯಿಯಂತಿರುವ ನಮ್ಮ ಎರೆ ಮಣ್ಣು ಈ ಟಬ್ಬಿಗೆ ಬೇಡ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬುಡದಲ್ಲಿ ಸದಾ ನೀರಿದ್ದರೆ ಕೆಸರಾಗಿ ಗಾಳಿಗೆ ಜಾಗವೇ ಕೊಡುವುದಿಲ್ಲ. ಚಿತ್ತಾಪುರದ ನಮ್ಮ ತವರಿನ ಹೊಲದಿಂದ ಆಸೆಪಟ್ಟು ತಂದ ಮಣ್ಣನ್ನು ನಾನು ಮರಳಿ ಒಯ್ದು ಹೊಲಕ್ಕೇ ಹಾಕಿದೆ. ಟಬ್ಬಿಗೆ ಬೇಕಾದದ್ದು ಮೂರು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಸುಟ್ಟು ಕರಿಯಾದ ಭತ್ತದ ಹೊಟ್ಟು, ಮೇಲೆ ಎರಡು ಹಿಡಿ ಬೇವಿನ ಹಿಂಡಿ. ಭತ್ತದ ಹೊಟ್ಟಿಗೆ ನಮಗೆ ಬರವಿಲ್ಲ. ಕಾಲುವೆ ನೀರಾವರಿಯ ಶಹಾಪುರ, ಸುರಪುರದ ಕಡೆ ಅಕ್ಕಿ ಗಿರಣಿಗಳಿವೆ, ಅಲ್ಲಿಂದ ಒಂದು ಚೀಲ ತರಿಸಿಕೊಂಡರೆ ವರ್ಷ ಸಾಗುತ್ತದೆ.

ನಾರಿನ ಪುಡಿ ಐದು ಕಿಲೋದ ಇಟ್ಟಿಗೆಯಾಗಿ ಸಿಗುತ್ತದೆ, ನೆನೆಸಿದರೆ 60-70 ಲೀಟರಿನಷ್ಟು ಅರಳುತ್ತದೆ. ಒಮ್ಮೆ ಒಂದು ನರ್ಸರಿಯಿಂದ ತಂದದ್ದನ್ನು, ತೊಳೆದದ್ದೇ ಎಂಬ ಅವರ ಮಾತು ನಂಬಿ, ಹಾಗೆಯೇ ತುಂಬಿದೆ. ವಾರದೊಳಗೆ ಸಸಿಗಳ ಎಲೆಯಂಚು ಸುಟ್ಟಂತಾಯಿತು. ಅದರಲ್ಲಿ ಉಪ್ಪಿತ್ತು. ಈಗ ಯಾರು ಏನೇ ಹೇಳಿದರೂ ಎರಡು ಸಲ ನೆನೆಸಿ, ಹಿಂಡಿ, ನೀರು ಚೆಲ್ಲಿದ ಮೇಲೆಯೇ ಬಳಸುತ್ತೇನೆ.

ತುಂಬುವಾಗ ಮೊದಲು ಬತ್ತಿಯ ಗೂಡುಗಳಿಗೆ ತೋಯ್ದ ಮಿಶ್ರಣವನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬಿ, ನಡುವೆ ಟೊಳ್ಳು ಉಳಿಯಬಾರದು. ಅಟ್ಟದ ಮೇಲಿನದನ್ನು ಮಾತ್ರ ಹಗುರವಾಗಿ ಹರಡಿ, ಅಂಚಿಗಿಂತ ಎರಡು ಬೆರಳು ಕೆಳಗೆ ನಿಲ್ಲಿಸಿ. ಆಮೇಲೆ ಮೇಲಿನಿಂದ ನೀರು ಹೊಯ್ಯಿರಿ, ಪಕ್ಕದ ತೂತಿನಿಂದ ನೀರು ಬರುವವರೆಗೆ. ಮಿಶ್ರಣ ಒಮ್ಮೆ ಪೂರ್ತಿ ತೋಯದಿದ್ದರೆ ಬತ್ತಿ ಹೊತ್ತಿಕೊಳ್ಳುವುದಿಲ್ಲ. ಕೊಳವೆಯಿಂದ ಎಷ್ಟು ತುಂಬಿಸಿದರೂ ಮೇಲೆ ಪುಡಿ ಪುಡಿಯಾಗಿ ಒಣಗಿಯೇ ಇರುತ್ತದೆ. ನನಗೆ ಫೋನ್ ಮಾಡಿ "ನಿಮ್ಮ ಟಬ್ ಕೆಲಸ ಮಾಡುತ್ತಿಲ್ಲ ಅಕ್ಕಾ" ಎನ್ನುವವರಲ್ಲಿ ಹೆಚ್ಚಿನವರು ಇದನ್ನೇ ಬಿಟ್ಟಿರುತ್ತಾರೆ. ಸಸಿ ನೆಟ್ಟ ಮೊದಲ ವಾರವೂ ಬುಡಕ್ಕೆ ಮೇಲಿನಿಂದ ಒಂದು ಲೋಟ ನೀರು ಕೊಡುತ್ತಿರಿ. ನಂತರ ಕೊಳವೆಯಿಂದ ಮಾತ್ರ.

ಒಂದು ಟಬ್ಬಿಗೆ ಒಂದೇ ಟೊಮೆಟೊ. ತಳಿ ಕೇಳಿದರೆ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎನ್ನುತ್ತೇನೆ. ಎಲೆ ಮುರುಟು ನಂಜು, ದುಂಡಾಣು ಸೊರಗು, ಎಲೆಚುಕ್ಕೆಯ ಅಂಗಮಾರಿ, ಮೂರನ್ನೂ ತಡೆದುಕೊಳ್ಳುವಂತೆ ಬೆಳೆಸಿದ ತಳಿ ಅದು. ಬೀಜವನ್ನು ಆಗಸ್ಟ್ ಮೊದಲ ವಾರ ಹಾಕಿ 25 ದಿನಕ್ಕೆ ನೆಡುತ್ತೇನೆ. ನವೆಂಬರ್‌ನಿಂದ ಹಣ್ಣು. ಆಸರೆಗೆ ತೊಗರಿ ಕಟ್ಟಿಗೆಗಿಂತ ಒಳ್ಳೆಯದು ಬೇರೊಂದಿಲ್ಲ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಗಿಡ ತುಂಬಿರುತ್ತದೆ. ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಕೊಡಲು, ಹೋಗುವಾಗ ಭಜ್ಜಿಗೆ ಬೇಕಾದ ಬದನೆ, ಟೊಮೆಟೊ, ಹಸಿ ಮೆಣಸಿನಕಾಯಿ ಮೂರೂ ನಮ್ಮ ಮಾಳಿಗೆಯವೇ. ಏಪ್ರಿಲ್ ಮೇ ತಿಂಗಳಲ್ಲಿ ಟೊಮೆಟೊ ಹಟ ಮಾಡಬೇಡಿ. ಹಗಲು 40 ಡಿಗ್ರಿ ದಾಟಿದ ಮೇಲೆ, ನೀರೆಷ್ಟೇ ಇದ್ದರೂ ಹೂವು ಕಾಯಿ ಕಟ್ಟದೆ ಉದುರುತ್ತದೆ.

ನೀರು ಕೆಳಗಿನಿಂದ ಮೇಲಕ್ಕಷ್ಟೇ ಹೋಗುವುದರಿಂದ ಒಂದು ತೊಂದರೆ ಇದೆ, ನಮ್ಮೂರಿನಲ್ಲಿ ಅದು ದೊಡ್ಡದು. ಸುಣ್ಣಕಲ್ಲಿನ ಸೀಮೆ ನಮ್ಮದು. ಶಹಾಬಾದಿನ ಫರಸಿ, ಸೇಡಂನ ಸಿಮೆಂಟ್ ಕಾರ್ಖಾನೆಗಳು ಎಲ್ಲವೂ ಆ ಕಲ್ಲಿನವೇ. ಬೋರ್‌ವೆಲ್ ನೀರು ಗಡಸು. ನೀರು ಆರಿಹೋಗಿ, ಅದರೊಳಗಿನ ಲವಣ ಮೇಲ್ಪದರದಲ್ಲಿ ಬಿಳಿ ಹೊಪ್ಪಳೆಯಾಗಿ ಕೂರುತ್ತದೆ. ಹೊಪ್ಪಳೆ ಕಂಡರೆ ಮೇಲಿನ ಒಂದು ಬೆರಳು ದಪ್ಪ ಕೆರೆದು ತೆಗೆಯಿರಿ, ಎರಡು ತಿಂಗಳಿಗೊಮ್ಮೆ ಮೇಲಿನಿಂದ ಎರಡು ಬಕೆಟ್ ನೀರು ಸುರಿದು ಪಕ್ಕದ ತೂತಿನಿಂದ ಹರಿಯಬಿಡಿ. ಮಳೆಗಾಲದಲ್ಲಿ ಈ ಕೆಲಸವನ್ನು ಮಳೆಯೇ ಮಾಡುತ್ತದೆ. ಗಡಸು ನೀರಿನವರು ಸುಣ್ಣದ ಪುಡಿ ಸೇರಿಸುವುದು ಬೇಡ. ಮಳೆ ನೀರನ್ನೇ ಹಿಡಿದು ಹಾಕುವವರು ಮಾತ್ರ ತುಂಬುವಾಗ ಒಂದು ಹಿಡಿ ಡೋಲೊಮೈಟ್ ಎಂಬ ಸುಣ್ಣದಂಶದ ಕಲ್ಲಿನ ಪುಡಿ ಬೆರೆಸಲಿ, ಸುಣ್ಣದಂಶ ಕಡಿಮೆಯಾದರೆ ಟೊಮೆಟೊ ಹಣ್ಣಿನ ತಳ ಕಪ್ಪಾಗಿ ಕೊಳೆಯುತ್ತದೆ.

ಗೊಬ್ಬರ ಮೇಲೆಯೇ. ಟಬ್ಬಿನ ಅಂಚಿಗೆ, ಕಾಂಡದಿಂದ ದೂರ, ಇಪ್ಪತ್ತು ದಿನಕ್ಕೊಮ್ಮೆ ಎರಡು ಹಿಡಿ ಎರೆಹುಳು ಗೊಬ್ಬರ. ಒಂದು ಸಲ ಪ್ರೀತಿ ಹೆಚ್ಚಾಗಿ, ಸಗಣಿ, ಗಂಜಲ, ಬೆಲ್ಲ ಕಲಸಿ ಮಾಡುವ ಜೀವಾಮೃತವನ್ನು ಕೊಳವೆಯಿಂದ ತಳಕ್ಕೆ ಹೊಯ್ದೆ. ಗಾಳಿಯಿಲ್ಲದ ಆ ಕತ್ತಲಲ್ಲಿ ಅದು ನಾಲ್ಕು ದಿನಕ್ಕೆ ಕೊಳೆತು ನಾರಿತು, ಕಾಯಿ ತುಂಬಿದ ಎರಡು ಗಿಡ ಬೇರು ಕಪ್ಪಾಗಿ ಸತ್ತವು. ಹೊಲದಲ್ಲಿ ಅಮೃತವಾದದ್ದು ಇಲ್ಲಿ ಹಾಗಾಗುವುದಿಲ್ಲ. ತಳಕ್ಕೆ ಬರೀ ನೀರು. ಅದನ್ನೂ ಪೂರ್ತಿ ಮುಗಿದು ಅರ್ಧ ದಿನವಾದ ಮೇಲೆ ತುಂಬಿದರೆ ಒಳ್ಳೆಯದು, ಅಷ್ಟರಲ್ಲಿ ತಳಕ್ಕೆ ಹೊಸ ಗಾಳಿ ಬರುತ್ತದೆ.

ಬಿಸಿಲಿಗೆ ಟಬ್ಬಿನ ಹೊರಮೈಗೆ ಸುಣ್ಣ ಬಳಿಯಿರಿ, ಕಪ್ಪು ಟಬ್ ಆದರೆ ಗೋಣಿಚೀಲವನ್ನೂ ಸುತ್ತಿ. ಮಿಶ್ರಣದ ಮೇಲೆ ಜೋಳದ ಕಣಿಕೆ ಕತ್ತರಿಸಿ ಹೊದಿಸಿ. ಮಾರ್ಚ್‌ನಿಂದ ಅರ್ಧ ನೆರಳಿನ ಹಸಿರು ಪರದೆ ಬೇಕು. ಫರಸಿಯ ಮೇಲೆ ನೇರವಾಗಿ ಇಡದೆ ಎರಡು ಇಟ್ಟಿಗೆ ಕೊಟ್ಟು ಎತ್ತಿ, ಕಾದ ಕಲ್ಲು ತಳದ ನೀರನ್ನು ಬಿಸಿ ಮಾಡುತ್ತದೆ. ನೀರು ತುಂಬಿದ ಒಂದು ಟಬ್ 45 ಕಿಲೋಗೂ ಹೆಚ್ಚು ತೂಗುತ್ತದೆ, ಆದ್ದರಿಂದ ಮಾಳಿಗೆಯ ನಡುವೆ ಒಟ್ಟಬೇಡಿ, ಕೆಳಗೆ ಗೋಡೆ ಇರುವ ಸಾಲಿನಲ್ಲೇ ಇಡಿ. ಹಳೆಯ ಕಲ್ಲುಹಾಸಿನ ಮಾಳಿಗೆಯಾದರೆ ಮೇಸ್ತ್ರಿಗೆ ತೋರಿಸಿಯೇ ಇಡಿ.

ಫೆಬ್ರವರಿ ಕೊನೆಗೆ ಟೊಮೆಟೊ ಗಿಡವನ್ನು ಬುಡದಲ್ಲಿ ಕತ್ತರಿಸುತ್ತೇನೆ, ಕೀಳುವುದಿಲ್ಲ, ಕಿತ್ತರೆ ಬತ್ತಿ ಸಡಿಲವಾಗುತ್ತದೆ. ಬೇರು ಅಲ್ಲೇ ಕರಗಲಿ. ಮೇಲಿನ ಒಂದು ಗೇಣು ಮಿಶ್ರಣ ಸಡಿಲಿಸಿ, ಎರಡು ಬೊಗಸೆ ಹೊಸ ಗೊಬ್ಬರ ಕಲಸಿ, ಮೇಲಿನಿಂದ ನೀರು ಹರಿಸಿ ಉಪ್ಪು ತೊಳೆದು, ಅದೇ ಟಬ್ಬಿನಲ್ಲಿ ಪುಂಡಿ ಬೀಜ ಉದುರಿಸುತ್ತೇನೆ. ಪುಂಡಿ ನಮ್ಮ ಬಿಸಿಲಿಗೆ ಹುಟ್ಟಿದ ಸೊಪ್ಪು. ತಿಂಗಳೊಳಗೆ ಮೊದಲ ಕೊಯ್ಲು, ಚಿಗುರು ಚಿವುಟಿದಷ್ಟೂ ಕವಲೊಡೆಯುತ್ತದೆ. ಮೇ ತಿಂಗಳಲ್ಲಿ ರೊಟ್ಟಿಯ ಜೊತೆ ಪುಂಡಿಪಲ್ಯ ಕೇಳಿಕೊಂಡು ಬರುವವರಿಗೆ ಕೊಡುವುದು ಈ ಟಬ್ಬಿನದೇ.